ಐಷಾರಾಮಿ ಎಸ್‌ಯುವಿ: ಹೊಸದೋ, ಬಳಸಿದ್ದೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಿಎಂಡಬ್ಲ್ಯು ಎಕ್ಸ್5, ಮರ್ಸಿಡಿಸ್ ಜಿಎಲ್‌ಇ, ಆಡಿ ಕ್ಯೂ7, ವೋಲ್ವೊ ಎಕ್ಸ್‌ಸಿ90, ಲೆಕ್ಸಸ್ ಆರ್‌ಎಕ್ಸ್ ಗಾತ್ರದ ಗಾಡಿಗಳ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಕೈಲಿರುವ ದುಡ್ಡಿಗೆ ಒಂದು ಸೈಜ್ ಚಿಕ್ಕದಾದ ಎಕ್ಸ್3 ಅಥವಾ ಜಿಎಲ್‌ಸಿ ಹೊಸದೇ ಬರುತ್ತದೆ. ಅದೇ ದುಡ್ಡಿಗೆ ನಾಲ್ಕು ವರ್ಷ ಓಡಿದ ಎಕ್ಸ್5 ಅಥವಾ ಕ್ಯೂ7 ಸಿಗುತ್ತದೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಗಾಡಿ ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ನಿಮ್ಮ ತೀರ್ಮಾನ ಇದರ ಮೇಲೇ ನಿಲ್ಲಬೇಕು. ಅರ್ಧ ಬೆಲೆಗೆ ಕೊಂಡ ಎಕ್ಸ್5ಗೂ ಹೆಡ್‌ಲೈಟ್, ಬ್ರೇಕ್ ಡಿಸ್ಕ್, ಏರ್ ಸ್ಪ್ರಿಂಗ್‌ಗೆ (ಲೋಹದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಸ್ಪ್ರಿಂಗ್) ಹೊಸ ಗಾಡಿಯ ದರವನ್ನೇ ತೆರಬೇಕು. ಆದ್ದರಿಂದ ಕೊಳ್ಳುವ ಬೆಲೆಯ ನೂರಕ್ಕೆ ಹತ್ತರಿಂದ ಹದಿನೈದರಷ್ಟನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ತೆಗೆದಿಡಲು ಆಗುತ್ತದೆಯೇ ನೋಡಿ. ಆಗುವುದಾದರೆ ಬಳಸಿದ ದೊಡ್ಡ ಗಾಡಿ ಧಾರಾಳವಾಗಿ ತೆಗೆದುಕೊಳ್ಳಿ. ಇರುವುದೆಲ್ಲ ಗಾಡಿಗೇ ಮುಗಿಯುತ್ತದೆ ಎಂದಾದರೆ ಹೊಸ ಚಿಕ್ಕದೇ ಒಳ್ಳೆಯದು.

ಬಳಸಿದ್ದೇ ಎಂದು ನಿರ್ಧರಿಸಿದರೆ ಎರಡರಿಂದ ನಾಲ್ಕು ವರ್ಷದೊಳಗಿನದು ಹುಡುಕಿ. ಬೆಲೆಯ ದೊಡ್ಡ ಇಳಿತ ಮೊದಲ ಮೂರು ವರ್ಷಗಳಲ್ಲೇ ಆಗಿಹೋಗಿರುತ್ತದೆ, ವಾರಂಟಿ ಇನ್ನೂ ಇರುತ್ತದೆ ಅಥವಾ ವಿಸ್ತರಿಸಲು ಬರುತ್ತದೆ. ಎಂಬತ್ತು ಸಾವಿರದಿಂದ ಒಂದು ಲಕ್ಷದ ಇಪ್ಪತ್ತು ಸಾವಿರ ಕಿ.ಮೀ. ನಡುವೆ ಮಾರಾಟಕ್ಕೆ ಬಂದ ಗಾಡಿಗಳ ವಿಷಯದಲ್ಲಿ ಎಚ್ಚರ ಬೇಕು. ಟೈರ್, ಡಿಸ್ಕ್, ವಾಟರ್ ಪಂಪ್, ಸಸ್ಪೆನ್ಷನ್ ಬುಷ್, ಗೇರ್‌ಬಾಕ್ಸ್ ಎಣ್ಣೆ ಎಲ್ಲವೂ ಸರದಿಯಲ್ಲಿ ನಿಲ್ಲುವ ಹೊತ್ತು ಅದು. ಇವೆಲ್ಲ ಮಾಡಿಸಿದ ಬಿಲ್ ಇರುವ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಿಲ್ಲೇ ಇಲ್ಲದಿದ್ದರೆ ಇಷ್ಟೂ ಕೆಲಸದ ಖರ್ಚು ಲೆಕ್ಕಹಾಕಿ ಬೆಲೆಯಲ್ಲಿ ಕಳೆಯಿರಿ.

ಇನ್ನೊಂದು ಮಾತು. ಹೊಸ ತಲೆಮಾರು ಬಂದ ಮೊದಲ ವರ್ಷದ ಗಾಡಿಗಳಲ್ಲಿ ಸಾಫ್ಟ್‌ವೇರ್ ತಾಪತ್ರಯ ಹೆಚ್ಚು. ಎಕ್ಸ್5ನ ಜಿ05 ಎಂಬ ತಲೆಮಾರು 2018ರಲ್ಲಿ ಬಂತು, ಕ್ಯೂ7ನ ಎರಡನೇ ತಲೆಮಾರು 2015ರಲ್ಲಿ. ಯಾವುದೇ ಮಾಡೆಲ್ ಆದರೂ ಎರಡನೇ ವರ್ಷದ ನಂತರ ತಯಾರಾದದ್ದನ್ನು ಹುಡುಕಿ.

ಪ್ರಶ್ನೆ: ಮನೆಯಿಂದ ಆಫೀಸಿಗೆ ಆರು ಕಿ.ಮೀ. ತಿಂಗಳಿಗೊಮ್ಮೆ ದೂರದ ಪ್ರಯಾಣ. ಡೀಸೆಲ್, ಪೆಟ್ರೋಲ್, ಪ್ಲಗ್-ಇನ್ ಹೈಬ್ರಿಡ್ ಇವುಗಳಲ್ಲಿ ಯಾವುದು?

ಉತ್ತರ: ಡೀಸೆಲ್ ಬೇಡವೇ ಬೇಡ. ಡೀಸೆಲ್ ಎಂಜಿನ್ನಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಸೇರಿದ ಮಸಿಯನ್ನು ಸುಟ್ಟು ತೆಗೆಯಲು ಅದರೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಆರು ಕಿ.ಮೀ.ಯಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಸುಡುವ ಕೆಲಸ ಶುರುವಾಗಿ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿನ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಎಣ್ಣೆಯ ಮಟ್ಟ ಏರಿದಂತೆ ಕಂಡರೆ ಖುಷಿಪಡುವ ವಿಷಯವಲ್ಲ. ಎಣ್ಣೆ ತೆಳ್ಳಗಾಗಿದೆ, ಬೇರಿಂಗ್‌ಗಳಿಗೆ ಪೆಟ್ಟು ಬೀಳುತ್ತಿದೆ ಎಂದರ್ಥ.

ಪ್ರತಿದಿನ ಮನೆಯಲ್ಲೇ ಚಾರ್ಜ್ ಮಾಡಲು ಅನುಕೂಲವಿದ್ದರೆ ನಿಮಗೆ ಪ್ಲಗ್-ಇನ್ (ಎಂಜಿನ್ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಗಾಡಿ) ಹೇಳಿ ಮಾಡಿಸಿದ್ದು. ಎಕ್ಸ್5 ಎಕ್ಸ್‌ಡ್ರೈವ್45ಇ ಗಾಡಿಯಲ್ಲಿ 24 ಕಿಲೋವ್ಯಾಟ್ ಅವರ್ ಬ್ಯಾಟರಿ, ಜಿಎಲ್‌ಇ 350ಇ ಗಾಡಿಯಲ್ಲಿ 31.2. ಹೋಗಿಬರುವ ಹನ್ನೆರಡು ಕಿ.ಮೀ.ಗೆ ಎಂಜಿನ್ ಶುರುವಾಗುವ ಅಗತ್ಯವೇ ಬೀಳದು. ಆದರೆ ಬಳಸಿದ ಪ್ಲಗ್-ಇನ್ ಕೊಳ್ಳುವಾಗ ಚಾರ್ಜಿಂಗ್ ಕೇಬಲ್ ಹೊರತೆಗೆಸಿ ನೋಡಿ. ಕೇಬಲ್ ಇನ್ನೂ ಪ್ಲಾಸ್ಟಿಕ್ ಕವರ್‌ನಲ್ಲೇ ಇದ್ದರೆ ಹಿಂದಿನ ಮಾಲೀಕರು ಚಾರ್ಜ್ ಮಾಡದೆ ಬರೀ ಎಂಜಿನ್ ಮೇಲೆ ಓಡಿಸಿರುವ ಸಾಧ್ಯತೆ ಹೆಚ್ಚು. ಬ್ಯಾಟರಿ ಪೂರ್ತಿ ತುಂಬಿಸಿ, ಎಲೆಕ್ಟ್ರಿಕ್ ಮೋಡ್‌ನಲ್ಲಿ ಅದು ಮುಗಿಯುವವರೆಗೆ ಓಡಿಸಿ ದೂರ ಬರೆದುಕೊಳ್ಳಿ. ಡಿಕ್ಕಿಯ ಜಾಗವನ್ನೂ ನೋಡಿ. 45ಇಯಲ್ಲಿ ಅದು ಮಾಮೂಲಿ ಎಕ್ಸ್5ಗಿಂತ ಕಡಿಮೆ, ಮೂರನೇ ಸಾಲಿನ ಸೀಟೂ ಬರುವುದಿಲ್ಲ.

ಚಾರ್ಜ್ ಮಾಡುವ ಅನುಕೂಲ ಇಲ್ಲವೆಂದರೆ ಲೆಕ್ಸಸ್ ಆರ್‌ಎಕ್ಸ್‌ನ ಮಾಮೂಲಿ ಹೈಬ್ರಿಡ್ ಅಥವಾ ಆರು ಸಿಲಿಂಡರ್ ಪೆಟ್ರೋಲ್.

ಪ್ರಶ್ನೆ: ಯಾವ ಎಂಜಿನ್ ಇರುವ ಗಾಡಿಯಿಂದ ದೂರ ಇರಬೇಕು? ಬಳಸಿದ ಗಾಡಿ ಕೊಳ್ಳುವವರಿಗೆ ನೇರವಾಗಿ ಹೇಳಿ.

ಉತ್ತರ: ಮೂರು ಹೇಳುತ್ತೇವೆ. ಬಿಎಂಡಬ್ಲ್ಯುವಿನ ಎನ್63 ಎಂಬ ವಿ8 ಪೆಟ್ರೋಲ್ (ಎಂಟು ಸಿಲಿಂಡರ್ ವಿ ಆಕಾರದಲ್ಲಿ ಎರಡು ಸಾಲಾಗಿರುವ ಎಂಜಿನ್), ಅದರಲ್ಲೂ ಮೊದಲ ವರ್ಷಗಳದ್ದು. ಟರ್ಬೊ ಎರಡೂ ವಿ ಆಕಾರದ ನಡುವಿನ ಕಣಿವೆಯಲ್ಲೇ ಕೂತಿರುವುದರಿಂದ ಸುತ್ತಲಿನ ರಬ್ಬರ್, ಪ್ಲಾಸ್ಟಿಕ್, ವಾಲ್ವ್ ಸೀಲ್ ಎಲ್ಲ ಕಾದು ಗಟ್ಟಿಯಾಗುತ್ತವೆ, ಎಣ್ಣೆ ಒಳಗಿಳಿದು ಸುಡುತ್ತದೆ. ಪರೀಕ್ಷೆ ಸುಲಭ: ಬಿಸಿಯಾದ ಎಂಜಿನ್ನನ್ನು ಹತ್ತು ನಿಮಿಷ ಐಡಲ್‌ನಲ್ಲಿ (ಗಾಡಿ ನಿಂತಲ್ಲೇ ಓಡುವಂತೆ) ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿ. ಹಿಂದೆ ನೀಲಿ ಹೊಗೆ ಎದ್ದರೆ ಅಲ್ಲಿಂದ ಹೊರಡಿ. ಅದೇ ಕಂಪನಿಯ ಬಿ58 ಎಂಬ, ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ 3 ಲೀಟರ್ ಪೆಟ್ರೋಲ್ ಬಹಳ ಒಳ್ಳೆಯದು, ಬಳಸಿದ ಎಕ್ಸ್5ನಲ್ಲಿ ನಮ್ಮ ಆಯ್ಕೆ ಅದೇ.

ಎರಡನೆಯದು ಮರ್ಸಿಡಿಸ್‌ನ ಹಳೆಯ ವಿ6 ಡೀಸೆಲ್, ಓಎಂ642. ಎಂಜಿನ್ ಗಟ್ಟಿಮುಟ್ಟಾದದ್ದೇ, ಆದರೆ ಆಯಿಲ್ ಕೂಲರ್ ವಿ ಕಣಿವೆಯ ತಳದಲ್ಲಿದೆ. ಅದರ ಸೀಲ್ ಸೋರಿದರೆ ಎಣ್ಣೆ ಎಂಜಿನ್ನಿನ ಹಿಂಭಾಗದಿಂದ ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಇಳಿಯುತ್ತದೆ. ಸೀಲಿನ ಬೆಲೆ ಅಲ್ಪ, ಆದರೆ ಅದನ್ನು ಮುಟ್ಟಲು ಟರ್ಬೊ, ಇನ್‌ಟೇಕ್ ಎಲ್ಲ ಬಿಚ್ಚಬೇಕು, ಕೂಲಿಯೇ ದೊಡ್ಡದು. ಸೀಲ್ ಬದಲಿಸಿದ ಬಿಲ್ ಇದ್ದರೆ ಕೊಳ್ಳಬಹುದು.

ಮೂರನೆಯದು ವೋಲ್ವೊದ 2 ಲೀಟರ್ ಪೆಟ್ರೋಲಿನ ಮೊದಲ ವರ್ಷಗಳ ಗಾಡಿಗಳು. ಇವುಗಳಲ್ಲಿ ಕೆಲವು ಎಣ್ಣೆ ಕುಡಿಯುತ್ತವೆ. ಎರಡು ಸರ್ವೀಸ್ ನಡುವೆ ಎಷ್ಟು ಎಣ್ಣೆ ತುಂಬಿಸಿದ್ದಾರೆ ಎಂದು ಬಿಲ್‌ಗಳಲ್ಲೇ ಹುಡುಕಿ.

ತಲೆನೋವೇ ಬೇಡ ಎನ್ನುವವರಿಗೆ 2016ರಿಂದ 2022ರವರೆಗಿನ ಲೆಕ್ಸಸ್ ಆರ್‌ಎಕ್ಸ್ 350. ಟರ್ಬೊ ಇಲ್ಲದ 3.5 ಲೀಟರ್ ವಿ6, ಏರ್ ಸಸ್ಪೆನ್ಷನ್ ಇಲ್ಲ. ಪೆಟ್ರೋಲ್ ನೇರ ಸಿಲಿಂಡರ್‌ಗೂ ಇನ್‌ಟೇಕ್ ಪೋರ್ಟ್‌ಗೂ ಎರಡೂ ಕಡೆ ಸಿಂಪಡಿಸುವ ವ್ಯವಸ್ಥೆ ಇರುವುದರಿಂದ ವಾಲ್ವ್ ಮೇಲೆ ಕಾರ್ಬನ್ ಕಟ್ಟುವ ಕಾಟವೂ ಕಡಿಮೆ. ತಿರುವುಗಳಲ್ಲಿ ಎಕ್ಸ್5ನ ಹಿಡಿತ ಇದಕ್ಕಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಪ್ರಶ್ನೆ: ಏರ್ ಸಸ್ಪೆನ್ಷನ್ ಇರುವ ಗಾಡಿ ಕೊಳ್ಳಲು ಹೆದರಿಕೆ. ಹಾಳಾಗಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಹೆದರಬೇಕಾಗಿಲ್ಲ, ಅಳತೆ ಟೇಪ್ ಒಯ್ಯಿರಿ. ಸಂಜೆ ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಿರಿ, ಬಾಗಿಲು ತೆಗೆದರೆ ಕೆಲವು ಗಾಡಿಗಳಲ್ಲಿ ವ್ಯವಸ್ಥೆ ಎಚ್ಚೆತ್ತು ಎತ್ತರ ಸರಿಮಾಡಿಬಿಡುತ್ತದೆ. ಒಂದು ಮೂಲೆ ಮಾತ್ರ ಒಂದೆರಡು ಸೆಂಟಿಮೀಟರ್ ಕುಸಿದಿದ್ದರೆ ಆ ಮೂಲೆಯ ಬೆಲ್ಲೋಸ್ (ಗಾಳಿ ತುಂಬುವ ರಬ್ಬರ್ ಚೀಲ) ಅಥವಾ ಅದರ ಕೊಳವೆಯ ಜೋಡಣೆ ಸೋರುತ್ತಿದೆ. ಆಮೇಲೆ ಎಂಜಿನ್ ಶುರುಮಾಡಿ, ಗಾಡಿಯನ್ನು ಅತಿ ಕೆಳಗಿನ ಮಟ್ಟದಿಂದ ಅತಿ ಮೇಲಿನ ಮಟ್ಟಕ್ಕೆ ಏರಿಸಿ. ನಿಧಾನಕ್ಕೆ ಏದುಸಿರು ಬಿಡುತ್ತಾ ಏರಿದರೆ ಕಂಪ್ರೆಸರ್ ದಣಿದಿದೆ.

ಇಲ್ಲಿ ಹಲವರು ಕಾರಣವನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. ಬೆಲ್ಲೋಸ್ ಬಿರುಕು ಬಿಟ್ಟು ಗಾಳಿ ಸೋರುತ್ತದೆ, ಅದನ್ನು ತುಂಬಿಸಲು ಕಂಪ್ರೆಸರ್ ಮತ್ತೆಮತ್ತೆ ಓಡಿ ಬಿಸಿಯಾಗಿ ಸಾಯುತ್ತದೆ. ಸೋರಿಕೆ ಹಾಗೇ ಬಿಟ್ಟು ಕಂಪ್ರೆಸರ್ ಮಾತ್ರ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮೊದಲು ಸಾಬೂನು ನೀರು ಸಿಂಪಡಿಸಿ ಸೋರುವ ಜಾಗ ಹುಡುಕಿಸಿ, ಆಮೇಲೆ ಕಂಪ್ರೆಸರ್, ಅದರ ರಿಲೇ ಎರಡೂ ಬದಲಿಸಿ. ಎಕ್ಸ್‌ಸಿ90ಯಲ್ಲಿ ಏರ್ ಇಲ್ಲದ ಮಾದರಿಯೂ ಇದೆ, ಹಿಂದೆ ಅಡ್ಡಕ್ಕೆ ಕೂಡಿಸಿದ ಕಾಂಪೊಸಿಟ್ ಲೀಫ್ ಸ್ಪ್ರಿಂಗ್ ಇರುತ್ತದೆ. ಬಳಸಿದ್ದು ಕೊಳ್ಳುವವರಿಗೆ ಅದೇ ನೆಮ್ಮದಿ.

ಪ್ರಶ್ನೆ: ಮಾರುವವರು ಒಂದು ಗಂಟೆ ಮಾತ್ರ ಗಾಡಿ ಕೊಡುತ್ತಾರೆ. ಅಷ್ಟರಲ್ಲಿ ಏನೇನು ನೋಡಲಿ?

ಉತ್ತರ: ನೀವು ಹೋಗುವ ಮೊದಲು ಎಂಜಿನ್ ಶುರುಮಾಡಬಾರದು ಎಂದು ಫೋನಿನಲ್ಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಯಾಕೆಂದು ಕೇಳಿ. ಟೈಮಿಂಗ್ ಚೈನಿನ ಗಲಗಲ, ಹೊಗೆ, ಐಡಲ್ ನಡುಕ ಇವೆಲ್ಲ ತಣ್ಣನೆಯ ಎಂಜಿನ್ ಶುರುವಾದ ಮೊದಲ ಕೆಲವು ಕ್ಷಣಗಳಲ್ಲೇ ಹೆಚ್ಚಾಗಿ ಬಯಲಾಗುತ್ತವೆ.

ನಂತರ ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿ. ದೋಷ ಸಂಕೇತ ಏನೂ ಇಲ್ಲ ಎಂಬುದಷ್ಟೇ ಸಾಲದು. ಸಂಕೇತ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬ ಲೆಕ್ಕವೂ ಅದರಲ್ಲಿ ಸಿಗುತ್ತದೆ. ಅದು 20 ಅಥವಾ 30 ಕಿ.ಮೀ. ಎಂದಿದ್ದರೆ ನಿಮಗೆ ತೋರಿಸುವ ಮುನ್ನ ಯಾರೋ ಒರೆಸಿದ್ದಾರೆ. ಮೀಟರ್ ಹಿಂದೆ ತಿರುಗಿಸಿದ ಅನುಮಾನವಿದ್ದರೆ ಗೇರ್‌ಬಾಕ್ಸ್ ಮುಂತಾದ ಇತರ ಕಂಟ್ರೋಲ್ ಯೂನಿಟ್‌ಗಳಲ್ಲಿ ದಾಖಲಾದ ಕಿ.ಮೀ.ಯನ್ನು ಬ್ರ್ಯಾಂಡಿನದೇ ಡಯಾಗ್ನೋಸ್ಟಿಕ್ ಸಾಧನದಿಂದ ಓದಿಸಿ ಹೋಲಿಸಿ.

ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಎರಡು ವರ್ಷದ ಗಾಡಿಗೆ ಆರು ವರ್ಷದ ಟೈರ್ ಇದ್ದರೆ ಕಥೆ ಬೇರೆಯೇ ಇದೆ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ, ಕ್ಯಾಲಿಪರ್‌ನಿಂದ ಅಳೆದು ಹೋಲಿಸಿ.

ಪೇಂಟ್ ದಪ್ಪ ಅಳೆಯುವ ಗೇಜ್ ಒಯ್ಯುವುದಾದರೆ ಅಲ್ಯೂಮಿನಿಯಂ ಮೇಲೂ ಓದುವಂಥದ್ದೇ ಬೇಕು, ಈ ವರ್ಗದಲ್ಲಿ ಬಾನೆಟ್, ಬಾಗಿಲು ಅಲ್ಯೂಮಿನಿಯಂ ಆಗಿರುವುದು ಸಾಮಾನ್ಯ. ಫ್ಯಾಕ್ಟರಿ ಪೇಂಟ್ ಬಹುತೇಕ 100ರಿಂದ 180 ಮೈಕ್ರಾನ್. 300 ದಾಟಿದರೆ ಮತ್ತೆ ಬಳಿದಿದ್ದಾರೆ, ಸಾವಿರದ ಹತ್ತಿರ ಬಂದರೆ ಒಳಗೆ ಪುಟ್ಟಿ ಇದೆ.

ಸನ್‌ರೂಫ್ ತೆರೆದು ಮುಂದಿನ ಎರಡೂ ಮೂಲೆಗಳ ಚರಂಡಿ ರಂಧ್ರಕ್ಕೆ ಒಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ನೀರು ಕೆಲವೇ ಕ್ಷಣಗಳಲ್ಲಿ ಗಾಡಿಯ ಕೆಳಗಿನಿಂದ ಹೊರಬರಬೇಕು. ಅಲ್ಲೇ ನಿಂತರೆ ಕೊಳವೆ ಕಟ್ಟಿದೆ, ಮಳೆ ನೀರು ಮುಂದಿನ ಗಾಜಿನ ಪಕ್ಕದ ಕಂಬದೊಳಗಿಂದ ಕಾರ್ಪೆಟ್ ಅಡಿಗೆ ಇಳಿದು ವೈರಿಂಗ್ ತುಕ್ಕುಹಿಡಿಸುತ್ತದೆ. ಡಿಕ್ಕಿಯ ನೆಲ ಎತ್ತಿ ಕೈಯಿಂದ ತಡವಿ ನೋಡಿ. ಸೀಟ್ ಬೆಲ್ಟ್ ಕೊನೆಯವರೆಗೂ ಎಳೆಯಿರಿ, ಕೆಸರಿನ ಗೆರೆ ಕಂಡರೆ ಗಾಡಿ ಪ್ರವಾಹ ಕಂಡಿದೆ.

ಓಡಿಸುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ಖಾಲಿ ಜಾಗದಲ್ಲಿ ನಿಧಾನ ಸುತ್ತು ಹೊಡೆಯಿರಿ. ಗಾಡಿ ತಡೆದು ತಡೆದು ಜಗ್ಗಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಅನುಮಾನ. ಆಮೇಲೆ 40ರಿಂದ 60ರ ವೇಗಕ್ಕೆ ಹಗುರವಾಗಿ ಏರಿಸಿ ನಡುಕ ಬರುತ್ತದೆಯೇ ಗಮನಿಸಿ.

ಪ್ರಶ್ನೆ: ನಾಲ್ಕು ಟೈರ್‌ಗಳಲ್ಲಿ ಒಂದು ಒಡೆದರೆ ಒಂದೇ ಬದಲಿಸಬಹುದೇ?

ಉತ್ತರ: ಉಳಿದ ಮೂರು ಹೆಚ್ಚುಕಡಿಮೆ ಹೊಸದಾಗಿದ್ದರೆ ಸರಿ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ಸವೆದ ಟೈರಿನ ಸುತ್ತಳತೆ ಕಡಿಮೆ, ಅದು ಸದಾ ಬೇಗ ತಿರುಗುತ್ತದೆ. ಈ ವ್ಯತ್ಯಾಸವನ್ನು ಸರಿದೂಗಿಸುತ್ತಾ ಟ್ರಾನ್ಸ್‌ಫರ್ ಕೇಸ್ ಒಳಗಿನ ಕ್ಲಚ್ ಸವೆಯುತ್ತದೆ. ಗಾಡಿಯ ಕೈಪಿಡಿಯಲ್ಲಿರುವ ಮಿತಿ ಪಾಲಿಸಿ, ತೋಡಿನ ಆಳದ ವ್ಯತ್ಯಾಸ ಎರಡು ಮೂರು ಮಿ.ಮೀ. ದಾಟಕೂಡದು. 21 ಇಂಚಿನ ಚಕ್ರದ ಎಕ್ಸ್5ನಲ್ಲಿ ಮುಂದೆ 275, ಹಿಂದೆ 315 ಅಗಲದ ಟೈರ್ ಇರುತ್ತವೆ, ಹಿಂದುಮುಂದು ಅದಲುಬದಲು ಮಾಡಲೂ ಬರುವುದಿಲ್ಲ. ಹೊಸದು ಬುಕ್ ಮಾಡುವವರಿಗೂ ನಮ್ಮ ಸಲಹೆ 19 ಇಂಚೇ: ಟೈರ್ ಅಗ್ಗ, ಕುಲುಕು ಕಡಿಮೆ, ಗುಂಡಿಗೆ ಬಿದ್ದಾಗ ರಿಮ್ ಉಳಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಗೇರ್‌ಬಾಕ್ಸ್ ಎಣ್ಣೆ ಜೀವನಪರ್ಯಂತ ಬದಲಿಸಬೇಕಾಗಿಲ್ಲ ಎಂದು ಶೋರೂಮಿನಲ್ಲಿ ಹೇಳಿದರು. ನಿಜವೇ?

ಉತ್ತರ: ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಎಂಟು ಗೇರಿನ ಪೆಟ್ಟಿಗೆಗೆ 80,000ದಿಂದ 1,20,000 ಕಿ.ಮೀ. ನಡುವೆ ಎಣ್ಣೆ ಬದಲಿಸಲು ಹೇಳುತ್ತದೆ. ಎಕ್ಸ್5, ಕ್ಯೂ7 ಎರಡರಲ್ಲೂ ಇರುವುದು ಅದೇ ಪೆಟ್ಟಿಗೆಯ ರೂಪಗಳು. ಫಿಲ್ಟರ್ ಪ್ಲಾಸ್ಟಿಕ್ ತಳದ ಪ್ಯಾನಿನೊಳಗೇ ಕೂಡಿಕೊಂಡಿರುತ್ತದೆ, ಪ್ಯಾನ್ ಸಮೇತ ಬದಲಿಸಬೇಕು. ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ಕಂಪನಿ ಹೇಳಿದ ಎಣ್ಣೆಯ ಶಾಖದಲ್ಲೇ ಹೊಂದಿಸಬೇಕು. ಇದನ್ನು ಬಲ್ಲವರ ಕೈಲೇ ಮಾಡಿಸಿ.

ಪ್ರಶ್ನೆ: ಮಕ್ಕಳು ಮೂವರು, ಜೊತೆಗೆ ಅಜ್ಜ ಅಜ್ಜಿ. ಮೂರನೇ ಸಾಲು ಯಾವುದರಲ್ಲಿ ಚೆನ್ನ?

ಉತ್ತರ: ಎಕ್ಸ್‌ಸಿ90, ಕ್ಯೂ7. ಎಕ್ಸ್5, ಜಿಎಲ್‌ಇಯಲ್ಲೂ ಆಯ್ಕೆ ಇದೆ, ಆದರೆ ಮಕ್ಕಳಿಗೆ ಮಾತ್ರ. ಮೂರನೇ ಸಾಲು ಎತ್ತಿದ ಮೇಲೆ ನಿಮ್ಮ ಸೂಟ್‌ಕೇಸ್ ಡಿಕ್ಕಿಯಲ್ಲಿ ಹಿಡಿಯುತ್ತದೆಯೇ ಎಂದು ಶೋರೂಮಿಗೇ ಒಯ್ದು ನೋಡಿ.

ಪ್ರಶ್ನೆ: ಕಂಪನಿಯೇ ಪರೀಕ್ಷಿಸಿ ವಾರಂಟಿ ಕೊಟ್ಟ ಬಳಸಿದ ಗಾಡಿಗೆ ಹೆಚ್ಚು ಬೆಲೆ ಕೊಡಬಹುದೇ?

ಉತ್ತರ: ವಾರಂಟಿ ಪತ್ರದಲ್ಲಿ ಯಾವುದು ಸೇರಿಲ್ಲ ಎಂಬ ಪುಟವನ್ನು ಮೊದಲು ಓದಿ. ಏರ್ ಸ್ಪ್ರಿಂಗ್, ಟ್ರಾನ್ಸ್‌ಫರ್ ಕೇಸ್, ಹೆಡ್‌ಲೈಟ್, ಡ್ಯಾಶ್‌ಬೋರ್ಡಿನ ಪರದೆ, ಎಂಜಿನ್ನಿಗೆ ನೆರವಾಗುವ ಮೈಲ್ಡ್ ಹೈಬ್ರಿಡ್ ವ್ಯವಸ್ಥೆಯ 48 ವೋಲ್ಟ್ ಬ್ಯಾಟರಿ ಈ ಐದೂ ಸೇರಿದ್ದರೆ ಹೆಚ್ಚು ಬೆಲೆ ಕೊಟ್ಟದ್ದು ಸಾರ್ಥಕ. ಸೇರಿಲ್ಲವೆಂದರೆ ಅದೇ ಹೆಚ್ಚುವರಿ ಹಣವನ್ನು ನಿಮ್ಮ ರಿಪೇರಿ ನಿಧಿಗೆ ಹಾಕಿ, ಬಿಲ್‌ಗಳು ಪೂರ್ತಿ ಇರುವ ಗಾಡಿಯನ್ನು ಮೊದಲ ಮಾಲೀಕರಿಂದಲೇ ಕೊಳ್ಳಿ. ಎರಡೂ ಕೀಲಿ ಕೇಳಿ ಪಡೆಯಿರಿ, ಹಿಂದಿನವರ ಫೋನ್ ಆ್ಯಪ್‌ನಿಂದ ಗಾಡಿಯನ್ನು ನಿಮ್ಮೆದುರೇ ತೆಗೆಸಿ, 17 ಅಕ್ಷರದ ಚಾಸಿ ಸಂಖ್ಯೆ ಕೊಟ್ಟು ಬಾಕಿ ಇರುವ ರೀಕಾಲ್ (ತಯಾರಿಕೆಯ ದೋಷಕ್ಕೆ ಕಂಪನಿಯೇ ಗಾಡಿ ಕರೆಸಿ ಮಾಡುವ ರಿಪೇರಿ) ಕೆಲಸಗಳನ್ನು ಮುಗಿಸಿಯೇ ಗಾಡಿ ಕೈಗೆ ತೆಗೆದುಕೊಳ್ಳಿ.