ಪರ್ಚ್, ವೈಟಿಂಗ್: ಕಾಣೆ ಫ್ರೈಗೆ ಯಾವುದು ಹತ್ತಿರ?

ಪ್ರಶ್ನೆ: ನಮ್ಮೂರು ಕುಂದಾಪುರ. ಈಗ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿದ್ದೇವೆ. ಇಲ್ಲಿನ ಮೀನಿನ ಅಂಗಡಿಯಲ್ಲಿ ಪರ್ಚ್ ಮತ್ತು ವೈಟಿಂಗ್ ಎರಡೂ ಸಿಗುತ್ತವೆ. ಪರ್ಚ್ ದುಬಾರಿ, ವೈಟಿಂಗ್ ಅಗ್ಗ. "ವೈಟಿಂಗ್ ಅಂದ್ರೆ ನಮ್ಮ ಕಾಣೆಯೇ" ಎಂದು ಸ್ನೇಹಿತರೊಬ್ಬರು ಹೇಳಿದರು. ತಂದು ರವಾ ಫ್ರೈ ಮಾಡಿದರೆ ಕಾವಲಿಯ ಮೇಲೆ ಪುಡಿಪುಡಿಯಾಯಿತು. ಇವೆರಡಕ್ಕೂ ಏನು ವ್ಯತ್ಯಾಸ? ಫ್ರೈಗೆ ಯಾವುದು, ಗಸಿಗೆ ಯಾವುದು? 4 ವರ್ಷದ ಮಗಳಿಗೆ ಕೊಡಬಹುದಾ?

ಉತ್ತರ: ನೀವು ತಂದಿದ್ದು ಕಾಣೆ ಅಲ್ಲ. ಕಾಣೆಯನ್ನು ಇಂಗ್ಲಿಷ್‌ನಲ್ಲಿ ಇಂಡಿಯನ್ ವೈಟಿಂಗ್ ಎನ್ನುವುದುಂಟು. ನಿಮ್ಮ ಸ್ನೇಹಿತರು ಹಾಗೆ ಹೇಳಿದ್ದು ಅದಕ್ಕೇ ಇರಬೇಕು. ಆದರೆ ಅಮೆರಿಕದ ಪೂರ್ವ ಭಾಗದ ಅಂಗಡಿಗಳಲ್ಲಿ ವೈಟಿಂಗ್ ಎಂದು ಮಾರುವುದು ಹೆಚ್ಚಾಗಿ ಸಿಲ್ವರ್ ಹೇಕ್ ಎಂಬ ಅಟ್ಲಾಂಟಿಕ್ ಸಮುದ್ರದ ಮೀನು. ಅದು ಕಾಡ್ ಮೀನಿನ ಬಳಗಕ್ಕೆ ಸೇರಿದ್ದು. ಯುರೋಪಿನಲ್ಲಿ ವೈಟಿಂಗ್ ಎನ್ನುವ ಮೀನೂ ಅದೇ ಬಳಗದ್ದು, ಕಾಡ್‌ನ ಹತ್ತಿರದ ಸಂಬಂಧಿ. ಕಾಣೆಗೂ ಇವಕ್ಕೂ ನಂಟು ತುಂಬಾ ದೂರ. ವಂಶದ ಲೆಕ್ಕದಲ್ಲಿ ನೋಡಿದರೆ ನಮ್ಮ ಕಾಣೆ ವೈಟಿಂಗ್‌ಗಿಂತ ಪರ್ಚ್‌ಗೇ ಹತ್ತಿರ. ಅಡುಗೆಯಲ್ಲೂ ಹಾಗೆಯೇ. ಹಾಗಾಗಿ ಕಾಣೆಯ ರುಚಿ ನೆನಪಾದಾಗ ನೀವು ಕೈ ಹಾಕಬೇಕಾದದ್ದು ಪರ್ಚ್‌ಗೆ.

ಕ್ಲೀವ್‌ಲ್ಯಾಂಡ್‌ನಲ್ಲಿ ಪರ್ಚ್ ಎಂದರೆ ಯೆಲ್ಲೋ ಪರ್ಚ್, ಸಿಹಿನೀರಿನ ಮೀನು. ನಿಮ್ಮ ಊರಿಗೆ ತಾಗಿಕೊಂಡೇ ಇರುವ ಈರಿ ಸರೋವರ ಇದಕ್ಕೆ ಹೆಸರುವಾಸಿ. ಮೈ ಹಳದಿ, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಆರೇಳು ಕಪ್ಪು ಪಟ್ಟೆ. ಹೊಟ್ಟೆಯ ಕಡೆಯ ರೆಕ್ಕೆಗಳು ಕಿತ್ತಳೆ ಬಣ್ಣ. ಬೆನ್ನಿನ ಮೇಲೆ ಎರಡು ರೆಕ್ಕೆ, ಮೊದಲನೆಯದರಲ್ಲಿ ಗಟ್ಟಿ ಮುಳ್ಳು. ಹುರುಪೆ ಒರಟು. ಸಾಮಾನ್ಯವಾಗಿ ಒಂದು ಗೇಣಿನಷ್ಟು ಉದ್ದ ಇರುತ್ತದೆ. ಸಿಲ್ವರ್ ಹೇಕ್ ಹೀಗಲ್ಲ. ಉದ್ದನೆಯ ಬೆಳ್ಳಿ ಬಣ್ಣದ ಮೈ, ದೊಡ್ಡ ಬಾಯಿ, ಚೂಪು ಹಲ್ಲು. ಬೆನ್ನಿನ ಎರಡನೇ ರೆಕ್ಕೆ ಬಾಲದ ಹತ್ತಿರದವರೆಗೂ ಚಾಚಿರುತ್ತದೆ. ರೆಕ್ಕೆಗಳಲ್ಲಿ ಚುಚ್ಚುವ ಮುಳ್ಳಿಲ್ಲ.

ಅಂಗಡಿಯಲ್ಲಿ ಇಡೀ ಮೀನು ಸಿಗುವುದು ಕಮ್ಮಿ, ಫಿಲೆಯೇ (ನಡುಮುಳ್ಳಿನಿಂದ ಬಿಡಿಸಿದ ಮಾಂಸದ ಹೋಳು) ಜಾಸ್ತಿ ಅಲ್ವಾ? ಆಗ ಚರ್ಮ ನೋಡಿ. ಪರ್ಚ್ ಫಿಲೆಯನ್ನು ಸಾಮಾನ್ಯವಾಗಿ ಚರ್ಮದ ಸಮೇತ ಮಾರುತ್ತಾರೆ, ಪಟ್ಟೆಗಳ ಗುರುತು ಕಾಣುತ್ತದೆ. ಫಿಲೆ ಚಿಕ್ಕದು, ಮಾಂಸಕ್ಕೆ ನಸುಗೆಂಪು ಹೊಳಪು, ಬೆರಳಿನಿಂದ ಒತ್ತಿದರೆ ಗಟ್ಟಿ. ವೈಟಿಂಗ್ ಫಿಲೆ ಬೂದು ಬಿಳುಪು. ಒತ್ತಿದರೆ ಬೆರಳು ಒಳಗೆ ಇಳಿಯುವಷ್ಟು ಮೆತ್ತಗೆ.

ಕಾವಲಿಯ ಮೇಲೆ ನಿಮ್ಮ ಮೀನು ಮುರಿದದ್ದು ಈ ಮೆತ್ತನೆಯ ಗುಣದಿಂದಲೇ, ನಿಮ್ಮ ಕೈ ತಪ್ಪಿನಿಂದಲ್ಲ. ಹೇಕ್ ಮೀನಿನ ಮಾಂಸದಲ್ಲಿ ನೀರು ಜಾಸ್ತಿ. ಹಿಡಿದ ಮೇಲೆ ಬೇಗ ಸಡಿಲವಾಗುತ್ತದೆ. ಹಾಗೆಂದು ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿಟ್ಟರೂ ಕಷ್ಟ. ಕಾಡ್ ಬಳಗದ ಮೀನುಗಳ ಮೈಯಲ್ಲಿ ಟಿಎಂಎಒ ಎಂಬ ವಸ್ತು ಇರುತ್ತದೆ. ಹಿಮದಲ್ಲೂ ಕೆಲಸ ನಿಲ್ಲಿಸದ ಒಂದು ಕಿಣ್ವ ಅದನ್ನು ಒಡೆಯುತ್ತಾ ಹೋಗುತ್ತದೆ. ಆಗ ಹುಟ್ಟುವ ಫಾರ್ಮಾಲ್ಡಿಹೈಡ್ ಮಾಂಸದ ಪ್ರೋಟೀನನ್ನು ಬಿಗಿಗೊಳಿಸುತ್ತದೆ. ಹೀಗಾಗಿ ಹಳೆಯ ಸ್ಟಾಕಿನ ವೈಟಿಂಗ್ ಬೇಯಿಸಿದಾಗ ನೀರು ಬಿಟ್ಟು, ಉಳಿದದ್ದು ಹತ್ತಿಯ ಹಾಗೆ ಒಣ ಒಣ. ಹೆದರಬೇಡಿ, ಇದು ಮೀನಿನೊಳಗೆ ತಾನಾಗಿಯೇ ಆಗುವಂಥದ್ದು. ವ್ಯಾಪಾರಿಗಳು ಬೆರೆಸಿದ್ದಲ್ಲ. ಸಿಹಿನೀರಿನ ಪರ್ಚ್‌ನಲ್ಲಿ ಟಿಎಂಎಒ ತೀರಾ ಕಮ್ಮಿ, ಹಾಗಾಗಿ ಈ ತೊಂದರೆ ಇಲ್ಲ. ಇನ್ನೊಂದು ಮಾತು. ಪ್ಯಾಕೆಟ್ ಹಿಂದೆ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಎಂದು ಬರೆದಿದ್ದರೆ ಆ ಮೀನು ಹೆಚ್ಚು ನೀರು ಹಿಡಿದಿಟ್ಟುಕೊಂಡಿರುತ್ತದೆ. ಎಣ್ಣೆಗೆ ಬಿದ್ದ ತಕ್ಷಣ ಸಿಡಿಯುತ್ತದೆ, ರವೆಯೂ ಕಳಚಿಕೊಳ್ಳುತ್ತದೆ. ಅಂಥದ್ದನ್ನು ಫ್ರೈಗೆ ತರಬೇಡಿ.

ಈಗ ಅಡುಗೆಗೆ ಬರೋಣ. ಪರ್ಚ್‌ಗೆ ಮಸಾಲೆ ಹಚ್ಚಿ 15 ನಿಮಿಷ ಬಿಟ್ಟರೆ ಸಾಕು. ಚರ್ಮದ ಬದಿಯನ್ನು ಮೊದಲು ಕಾವಲಿಗೆ ಹಾಕಿ. ಫಿಲೆ ತೆಳು, ಒಂದೊಂದು ಬದಿಗೆ ಎರಡು ಮೂರು ನಿಮಿಷ ಹೆಚ್ಚೆಂದರೆ. ಮಾಂಸಕ್ಕೆ ತನ್ನದೇ ಸಣ್ಣ ಸಿಹಿ ಇದೆ, ಬ್ಯಾಡಗಿ ಮೆಣಸು, ಹುಣಸೆ ಹುಳಿಯ ಜೊತೆ ಚೆನ್ನಾಗಿ ಹೊಂದುತ್ತದೆ. ಮಸಾಲೆಯನ್ನು ಸ್ವಲ್ಪ ತೆಳ್ಳಗೇ ಹಚ್ಚಿ, ಇಲ್ಲದಿದ್ದರೆ ಆ ಸಿಹಿ ಮುಚ್ಚಿಹೋಗುತ್ತದೆ.

ವೈಟಿಂಗ್ ತರುವುದಾದರೆ ಫಿಲೆ ಬಿಟ್ಟು, ತಲೆ ತೆಗೆದು ಹೊಟ್ಟೆ ಸ್ವಚ್ಛ ಮಾಡಿದ ಇಡೀ ಮೀನು ಕೇಳಿ. ನಡುವಿನ ಮುಳ್ಳು ಇದ್ದರೆ ಮಾಂಸ ಬಿಟ್ಟುಕೊಳ್ಳುವುದಿಲ್ಲ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟು ಕರಗಿಸಿ, ಬಿಸಿನೀರಿಗೆ ಹಾಕಬೇಡಿ. ಉಪ್ಪು ಸವರಿ 20 ನಿಮಿಷ ಜಾಲರಿಯ ಮೇಲಿಡಿ, ಇಳಿದ ನೀರನ್ನು ಒರೆಸಿ, ಆಮೇಲೆ ಮಸಾಲೆ, ರವೆ. ಕಡಿಮೆ ಎಣ್ಣೆಯಲ್ಲಿ ಮಗುಚುವುದಕ್ಕಿಂತ ಮೀನು ಮುಳುಗುವಷ್ಟು ಎಣ್ಣೆಯಲ್ಲಿ ಕರಿಯುವುದು ವೈಟಿಂಗ್‌ಗೆ ಸರಿ. ನಿಮ್ಮ ಊರಿನ ಚರ್ಚ್‌ಗಳಲ್ಲಿ ಲೆಂಟ್ ಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಶುಕ್ರವಾರ ಮಾಡುವ ಫಿಶ್ ಫ್ರೈ ಕೂಡ ಹೀಗೆ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದೇ. ಉಳಿದ ಚೂರುಗಳನ್ನು ಕಟ್ಲೆಟ್‌ಗೆ ಹಾಕಿ. ಅದಕ್ಕೆ ವೈಟಿಂಗ್ ನಿಜಕ್ಕೂ ಒಳ್ಳೆಯ ಮೀನು.

ಗಸಿಗೆ ಎರಡೂ ಅಷ್ಟಕ್ಕಷ್ಟೇ. ಮಾಡಲೇಬೇಕೆಂದರೆ ಮುಳ್ಳಿರುವ ವೈಟಿಂಗ್ ತುಂಡುಗಳನ್ನು ಮಸಾಲೆ ಪೂರ್ತಿ ಕುದಿದ ಮೇಲೆ ಕೊನೆಯಲ್ಲಿ ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಮೆಲ್ಲಗೆ ಅಲ್ಲಾಡಿಸಿ.

ಮಗಳಿಗೆ ಖಂಡಿತ ಕೊಡಬಹುದು. ಪಾದರಸ ಕಡಿಮೆ ಇರುವ ಮೀನುಗಳ ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ) ಪಟ್ಟಿಯಲ್ಲಿ ಪರ್ಚ್, ವೈಟಿಂಗ್ ಎರಡೂ ಇವೆ. 4ರಿಂದ 7 ವರ್ಷದ ಮಕ್ಕಳಿಗೆ ಒಂದು ಹೊತ್ತಿಗೆ ಸುಮಾರು 55 ಗ್ರಾಂ, ವಾರಕ್ಕೆ ಎರಡು ಸಲ ಎಂಬುದು ಅಲ್ಲಿನ ಸಲಹೆ. ಎರಡರಲ್ಲೂ ಕೊಬ್ಬು ನೂರು ಗ್ರಾಮಿಗೆ ಒಂದು ಗ್ರಾಮಿನ ಆಸುಪಾಸು, ಪ್ರೋಟೀನ್ 18-19 ಗ್ರಾಂ. ಪೋಷಣೆಯ ಲೆಕ್ಕದಲ್ಲಿ ದುಬಾರಿ ಮೀನಿಗೆ ದುಡ್ಡು ಕೊಡುವ ಅಗತ್ಯ ಇಲ್ಲ. ಫಿಲೆಯಲ್ಲೂ ಸಣ್ಣ ಮುಳ್ಳು ಉಳಿದಿರಬಹುದು, ಬೆರಳಾಡಿಸಿ ನೋಡಿಯೇ ಬಡಿಸಿ. ಸರೋವರದಲ್ಲಿ ಯಾರಾದರೂ ಹಿಡಿದು ತಂದುಕೊಟ್ಟ ಮೀನಾದರೆ, ಆ ನೀರಿನ ಮೀನು ಎಷ್ಟು ತಿನ್ನಬಹುದು ಎಂದು ಓಹಾಯೋ ರಾಜ್ಯ ಪ್ರಕಟಿಸುವ ಸೂಚನೆ ನೋಡಿಕೊಳ್ಳಿ. ಹೇಕ್, ಕಾಡ್ ಬಳಗದ ಮೀನಿನಲ್ಲಿ ಅನಿಸಾಕಿಸ್ ಎಂಬ ಸಣ್ಣ ಹುಳು ಸಾಮಾನ್ಯ. ಒಳಗಿನವರೆಗೆ 63 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವಂತೆ ಬೇಯಿಸಿದರೆ ಅದು ಉಳಿಯುವುದಿಲ್ಲ. ನಮ್ಮ ಅಡುಗೆಯಲ್ಲಿ ಮೀನು ಅರೆಬೆಂದು ಉಳಿಯುವುದು ಅಪರೂಪ.

ಕೊಳ್ಳುವಾಗ ಪೂರ್ತಿ ಹೆಸರು ಓದಿ. ಓಷನ್ ಪರ್ಚ್ ಎಂದಿದ್ದರೆ ಅದು ಕೆಂಪು ಚರ್ಮದ ಸಮುದ್ರ ಮೀನು. ವೈಟ್ ಪರ್ಚ್ ಬಾಸ್ ಜಾತಿಯದು. ನಮ್ಮ ಕರಾವಳಿಯಲ್ಲಿ ಪಿಂಕ್ ಪರ್ಚ್ ಎನ್ನುವ ಮದ್ಮಲ್ ಕೂಡ ಬೇರೆಯೇ ಮೀನು. ನಿಮಗೆ ಬೇಕಾದದ್ದು ಯೆಲ್ಲೋ ಪರ್ಚ್ ಅಥವಾ ಲೇಕ್ ಪರ್ಚ್.

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಇಲ್ಲಿನ ವೈಟಿಂಗ್ ಕೂಡ ಹೇಕ್ ಮೀನೇನಾ?

ಉತ್ತರ: ಅಲ್ಲ, ನಿಮ್ಮದು ಅದೃಷ್ಟ. ಆಸ್ಟ್ರೇಲಿಯದಲ್ಲಿ ವೈಟಿಂಗ್ ಎಂದು ಮಾರುವುದು ಕಾಣೆಯ ಕುಟುಂಬದ್ದೇ ಮೀನು. ಕಿಂಗ್ ಜಾರ್ಜ್ ವೈಟಿಂಗ್ ದೊಡ್ಡದು, ಬೆಲೆಯೂ ಹೆಚ್ಚು. ರವಾ ಫ್ರೈಗೆ ಅದು ಬೇಡ, ಸ್ಕೂಲ್ ವೈಟಿಂಗ್ ಕೇಳಿ. ಚಿಕ್ಕದು, ಇಡೀ ಮೀನು ಊರಿನ ಹಾಗೆಯೇ ಕಾವಲಿಗೆ ಹಾಕಬಹುದು. ಅಲ್ಲಿನ ಓಷನ್ ಪರ್ಚ್ ಮಾತ್ರ ಸ್ಕಾರ್ಪಿಯನ್ ಫಿಶ್ ಬಳಗದ್ದು. ರೆಕ್ಕೆಯ ಮುಳ್ಳಿನಲ್ಲಿ ವಿಷ ಇರುತ್ತದೆ. ಇಡೀ ಮೀನು ತಂದರೆ ಅಂಗಡಿಯಲ್ಲೇ ಸ್ವಚ್ಛ ಮಾಡಿಸಿಕೊಳ್ಳಿ.