ಪ್ರತಿಕ್ರಿಯೆ: ಆಫೀಸಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡೋಕೆ ಹಿಂಜರಿಕೆ

ಸಿಸ್ಟರ್, ಆಫೀಸಲ್ಲಿ ಎಲ್ರ ಜೊತೆ ಊಟಕ್ಕೆ ಕೂತಾಗ ಪ್ರಾರ್ಥನೆ ಮಾಡೋಕೆ ಮುಜುಗರ ಆಗುತ್ತೆ, ಹಾಗಾದ್ರೆ ನಾನೂ ಯೇಸುನ ಗೊತ್ತೇ ಇಲ್ಲ ಅಂದ ಶಿಷ್ಯ ಪೇತ್ರನ ಥರ ಅವರನ್ನ ಅಲ್ಲಗಳೆದಂಗೇನಾ ಅಂತ ಕೇಳಿದ್ದೀರಲ್ಲ, ಅಷ್ಟೊಂದು ನೊಂದ್ಕೋಬೇಡಿ ದಯವಿಟ್ಟು. ನಿಕೊದೇಮನ್ನ ನೋಡಿ, ಯೆಹೂದ್ಯರ ಒಬ್ಬ ಮುಖಂಡ, ಧರ್ಮಶಾಸ್ತ್ರನ ಕಟ್ಟುನಿಟ್ಟಾಗಿ ಪಾಲಿಸೋ ಫರಿಸಾಯರ ಪಂಗಡದವನು. ಯೋಹಾನನ ಸುವಾರ್ತೆ 3ನೇ ಅಧ್ಯಾಯದಲ್ಲಿ ರಾತ್ರಿ ಹೊತ್ತು ಯೇಸು ಹತ್ರ ಬರ್ತಾನೆ, 7ನೇ ಅಧ್ಯಾಯದಲ್ಲಿ ಫರಿಸಾಯರ ಮಧ್ಯೆನೇ ಒಂದು ಪ್ರಶ್ನೆ ಕೇಳ್ತಾನೆ, ವಿಚಾರಣೆ ಮಾಡ್ದೆ ತೀರ್ಪು ಕೊಡೋದು ಸರಿನಾ ಅಂತ, ಅಷ್ಟಕ್ಕೇ ಅವರು ನೀನೂ ಯೇಸು ಥರ ಗಲಿಲಾಯದವನಾ ಅಂತ ಹಂಗಿಸ್ತಾರೆ. ಆಮೇಲೆ 19ರಲ್ಲಿ, ಯೇಸು ಶಿಲುಬೆ ಮೇಲೆ ಪ್ರಾಣ ಬಿಟ್ಟ ಮೇಲೆ, ಶಿಷ್ಯರೇ ಚದುರಿಹೋಗಿದ್ದ ಹೊತ್ತಲ್ಲಿ, ಇವನು ಶವಕ್ಕೆ ಹಾಕೋ ರಕ್ತಬೋಳ, ಅಗರು ಅನ್ನೋ ಸುಗಂಧದ್ರವ್ಯ ತಗೊಂಡು ಬಂದು ಅರಿಮಥಾಯದ ಯೋಸೇಫನ ಜೊತೆ ಸೇರಿ ಯೇಸುವಿನ ದೇಹನ ನಾರುಬಟ್ಟೆಲಿ ಸುತ್ತುತ್ತಾನೆ. ಆ ಯೋಸೇಫನೂ ಹೆದರ್ಕೊಂಡು ಗುಟ್ಟಾಗಿ ಶಿಷ್ಯನಾಗಿದ್ದವನೇ! ಇಬ್ರಿಗೂ ಧೈರ್ಯ ಬರೋಕೆ ಟೈಮ್ ಹಿಡೀತು, ದೇವರು ಕಾದ್ರು.

ಇನ್ನೊಂದು, ಅಪೊಸ್ತಲರ ಕೃತ್ಯಗಳು 4 ಓದಿ. ಯೇಸು ಹೆಸರು ಎತ್ಬೇಡಿ ಅಂತ ಯೆಹೂದ್ಯ ಹಿರಿಯರು ಬೆದರಿಕೆ ಹಾಕಿ ಬಿಟ್ಟ ಮೇಲೆ ಅಪೊಸ್ತಲರಾದ ಪೇತ್ರ, ಯೋಹಾನ ಸೀದಾ ತಮ್ಮವರ ಹತ್ರ ಹೋಗ್ತಾರೆ, ಎಲ್ಲ ಒಟ್ಟಿಗೆ ಧೈರ್ಯ ಕೊಡಪ್ಪಾ ಅಂತಾನೇ ಬೇಡ್ಕೋತಾರೆ. ಅಪೊಸ್ತಲರೇ ಕೇಳಿ ಪಡೆದದ್ದನ್ನ ನಾವು ಕೇಳೋಕೆ ನಾಚಿಕೆ ಯಾಕೆ? ನಿಮ್ಮ ಸಭೆಲಿ ನಂಬಿಕೆ ಇರೋ ಒಬ್ಬ ಅಕ್ಕನಿಗೆ ಈ ವಿಷ್ಯ ಹೇಳಿ ಜೊತೆಗೆ ಪ್ರಾರ್ಥನೆ ಮಾಡಿ.

ಊಟದ ಹೊತ್ತಲ್ಲಿ ಜೋರಾಗಿ ಏನೂ ಹೇಳ್ಬೇಕಿಲ್ಲ, ಡಬ್ಬಿ ಮುಚ್ಚಳ ತೆಗೆದು ಕಣ್ಮುಚ್ಚಿ ಒಂದೆರಡು ಮಾತು ಸಾಕು. ಯಾರಾದ್ರೂ ಕೇಳಿದ್ರೆ ಊಟಕ್ಕೆ ದೇವರಿಗೆ ಸ್ತೋತ್ರ ಹೇಳ್ದೆ ಅನ್ನಿ, ನಗ್ತಾ ಮರ್ಯಾದೆಯಿಂದ, ಯಾರಾದ್ರೂ ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದ್ರೆ ಸಾತ್ವಿಕವಾಗಿ, ಗೌರವದಿಂದ ಉತ್ತರ ಕೊಡಿ ಅಂತ ಬೈಬಲಿನ 1 ಪೇತ್ರ 3:15 ಹೇಳೋದೂ ಅದನ್ನೇ. ನಾಳೆನೇ ಶುರು ಮಾಡಿ ಸಿಸ್ಟರ್, ನಾನೂ ನಿಮಗೋಸ್ಕರ ಪ್ರಾರ್ಥಿಸ್ತೀನಿ.