ಯೋಬನ ಲೆಕ್ಕ ಹೇಳಿ ಇನ್ನೊಂದು ಮಗು ಕೇಳಿದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆ ಬಂದವರು ಮೂವತ್ತು ದಾಟಿದ ಹೆಣ್ಣುಮಗಳು, ಕ್ರೈಸ್ತ ಮನೆತನ. ಜ್ವರ ಬಂದು ಮಗ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಆದರೆ ಆಕೆ ಮೊದಲು ಹೇಳಿಕೊಂಡದ್ದು ಅದನ್ನಲ್ಲ.

"ಮೇಡಂ, ನಂಗೆ ನಂಬಿಕೆ ಸಾಲದು ಅಂತಾರೆ ಅತ್ತೆ. ಯೋಬನಿಗೆ ಹೋದದ್ದೆಲ್ಲ ಎರಡರಷ್ಟು ಸಿಗ್ಲಿಲ್ವಾ, ಬೇಗ ಇನ್ನೊಂದು ಮಗು ಮಾಡ್ಕೊಳ್ಳಿ ಅಂತಾರೆ."

ಮಗನ ಸ್ಕೂಲ್ ಬ್ಯಾಗನ್ನು ಮನೆಯವರು ಅಟ್ಟಕ್ಕೆ ಹಾಕಿದ್ದರು. ಒಳಗೆ ಅರ್ಧ ಬಣ್ಣ ಹಚ್ಚಿದ ಡ್ರಾಯಿಂಗ್ ಪುಸ್ತಕ ಇತ್ತಂತೆ.

ನಾನು ಧರ್ಮಬೋಧೆಗೆ ಇಳಿಯುವವಳಲ್ಲ. ಆದರೆ ಚುಚ್ಚುತ್ತಿರುವುದೇ ಗ್ರಂಥದ ಮಾತಾದರೆ ಅದನ್ನು ತೆರೆದೇ ನೋಡಬೇಕು, ಅಲ್ವಾ? ದೇವರಿಗೆ ನಿಷ್ಠನಾಗಿದ್ದೂ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆ ಯೆಹೂದ್ಯರ ಧರ್ಮಗ್ರಂಥದ್ದು. ಕ್ರೈಸ್ತರು ಅದನ್ನು ಹಳೆ ಒಡಂಬಡಿಕೆಯಲ್ಲಿ ಓದುತ್ತಾರೆ. ಮುಂದಿನ ಸಲ ಸತ್ಯವೇದ (ಬೈಬಲ್) ತರಲು ಹೇಳಿದೆ. 1ನೇ ಅಧ್ಯಾಯ, ಕೊನೆಯ 42ನೇ ಅಧ್ಯಾಯ ಎರಡನ್ನೂ ಆಕೆಯೇ ಓದಿದರು. ಕುರಿ 7,000 ಇದ್ದದ್ದು 14,000 ಆಯಿತು. ಒಂಟೆ 3,000 ಇದ್ದದ್ದು 6,000. ಎತ್ತು, ಕತ್ತೆಗಳೂ ದುಪ್ಪಟ್ಟು. ಮಕ್ಕಳು? ಮೊದಲು 7 ಗಂಡು, 3 ಹೆಣ್ಣು. ಕೊನೆಗೂ ಅಷ್ಟೇ.

"ಇಲ್ಲಿ ಎರಡರಷ್ಟು ಇಲ್ವಲ್ಲ!" ಎಂದರು.

ಸತ್ತ ಮಕ್ಕಳೂ ದೇವರ ಎಣಿಕೆಯಲ್ಲೇ ಇದ್ದಾರೆ, ಅದಕ್ಕೇ ಹೀಗೆ ಎಂದು ಕೆಲವರು ಅರ್ಥ ಹೇಳುತ್ತಾರೆ. ಕಥೆ ಮಾತ್ರ ಅದನ್ನು ಬಿಡಿಸಿ ಹೇಳುವುದಿಲ್ಲ.

ನಾನು ತೋರಿಸಿದ್ದು ಬೇರೆ ಜಾಗ. ಎರಡರಷ್ಟು ಕೊಡುತ್ತೇನೆ ಎಂದು ದೇವರು ಯೋಬನಿಗೆ ಮುಂಚೆ ಮಾತು ಕೊಟ್ಟಿರಲೇ ಇಲ್ಲ. ಸಂಕಟ ಯಾಕೆ ಬಂತು ಅಂತಲೂ ಹೇಳಲಿಲ್ಲ. ನಾನು ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಎಂದು ಬಿರುಗಾಳಿಯೊಳಗಿಂದ ಕೇಳಿದ, ಅಷ್ಟೇ. ತಿರುಗಿ ಕೊಡುವುದು ಪೂರ್ತಿ ಅವನ ಚಿತ್ತ. ಹಾಗಿರುವಾಗ ಅವನ ಪರವಾಗಿ ಮನೆಯವರು ವಾಯಿದೆ ಕೊಡುವುದು ಹೇಗೆ? ತನ್ನ ಪರ ವಾದಿಸಿದ, ಯೋಬನ ಮೂವರು ಗೆಳೆಯರ ಮೇಲೆಯೇ ದೇವರು ಸಿಟ್ಟಾದದ್ದು. ಅದೇ ಗೆಳೆಯರು ಮೊದಲು ಏಳು ಹಗಲು ಏಳು ರಾತ್ರಿ ತುಟಿ ಬಿಚ್ಚದೆ ಯೋಬನ ಜೊತೆ ನೆಲದ ಮೇಲೆ ಕೂತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು!

ಆಕೆಗೆ ಹೇಳಿದ್ದು: ಮಗು ಬೇಕೋ ಬೇಡವೋ, ಯಾವಾಗ, ಅದು ನಿಮ್ಮಿಬ್ಬರ ತೀರ್ಮಾನ, ಅದನ್ನು ನಂಬಿಕೆಯ ಪರೀಕ್ಷೆ ಮಾಡಿಕೊಳ್ಳಬೇಡಿ. ನಿದ್ದೆಗೆ ಡಾಕ್ಟರನ್ನು ಕಾಣಿ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ, ಹೇಳಬೇಕು ಅನ್ನಿಸಿದರೆ, ಮಗನ ಹೆಸರು ಹೇಳಿ. ಬ್ಯಾಗ್ ಕೆಳಗಿಳಿಸಿ ಕೊಡಲು ಗಂಡನಿಗೆ ಹೇಳಿದೆ.

ಅತ್ತೆಯನ್ನೂ ಕರೆಸಿದೆ. ಕೆಟ್ಟವರಲ್ಲ. ಮೊಮ್ಮಗನನ್ನು ಕಳೆದುಕೊಂಡವರು, ಪಾಪ. "ಹಾಗಾದ್ರೆ ನಾನೇನು ಹೇಳ್ಬೇಕು?" ಎಂದರು. ದೇವರು ತಿರುಗಿ ಕೊಟ್ಟ ಎಂದ ಸಾಲಿನ ಬೆನ್ನಿಗೇ, ಯೋಬನ ಅಣ್ಣತಮ್ಮಂದಿರು ಅಕ್ಕತಂಗಿಯರು ಬಂದು ಅವನ ಮನೆಯಲ್ಲಿ ಊಟ ಮಾಡಿ ಸಮಾಧಾನ ಹೇಳಿದರು ಎಂದಿದೆ. ಅದನ್ನು ಓದಿಸಿದೆ. ಸೊಸೆ ಜೊತೆ ಒಂದು ಹೊತ್ತು ಕೂತು ಊಟ ಮಾಡಿ, ಮಗುವಿನ ಮಾತು ಬಂದರೆ ತಡೆಯಬೇಡಿ ಎಂದೆ.

ಈಗ ಮೂವರೂ ಬರುತ್ತಿದ್ದಾರೆ. ಅತ್ತೆಗೆ ಇನ್ನೂ ಅವಸರ ಜಾಸ್ತಿ. ಯೋಬನ ಹೆಸರು ಮಾತ್ರ ಎತ್ತುತ್ತಿಲ್ಲ.